ವೀರಗಲ್ಲಿಗೆ ಬೆಳಕು ಯಾವ ಕಡೆಯಿಂದ ಬೀಳಬೇಕು? ಒಂದು ಫ್ಲ್ಯಾಶ್, ಒಂದು ಕೌದಿ ಮತ್ತು ಮುಕ್ತವಾಗಿ ಕೊಟ್ಟ ಚಿತ್ರಗಳ ಬಗ್ಗೆ

ಕೌದಿ ನೆರಳು, ಧಾರವಾಡ

ಹಾನಗಲ್ಲ, ಶಿಗ್ಗಾವಿ, ಹಾವೇರಿ ಕಡೆಯ ಊರುಗಳಲ್ಲಿ ಹನುಮಂತದೇವರ ಗುಡಿಯ ಹಿಂದೆ, ಬಾವಿಕಟ್ಟೆಯ ಮಗ್ಗುಲಿಗೆ, ಹೊಲದ ಬದುವಿನ ಮೇಲೆ ನಿಂತಿರುವ ವೀರಗಲ್ಲುಗಳ ಚಿತ್ರ ತೆಗೆಯುವ ಕೆಲಸವನ್ನು ಕೆಲವು ವರ್ಷಗಳಿಂದ ರವಿವಾರಗಳಂದು ಮಾಡುತ್ತ ಬಂದಿದ್ದೇನೆ. ಇದು ನನ್ನ ಹೊಟ್ಟೆಪಾಡಿನ ಕೆಲಸವಲ್ಲ. ಆದರೆ ಇದರಲ್ಲಿ ನಾನು ಮಾಡಿದ ತಪ್ಪುಗಳೂ ಕಂಡುಕೊಂಡ ಉಪಾಯಗಳೂ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ವೀರಗಲ್ಲಿನ ಕೆತ್ತನೆ ಆಳವಾದುದಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ವೀರ. ಈ ಮೂರು ಪಟ್ಟಿಗಳ ನಡುವಿನ ಅಂಚಿನಲ್ಲಿ ಶಾಸನದ ಸಾಲುಗಳಿದ್ದರೆ ಅವು ಇನ್ನೂ ತೆಳುವಾಗಿರುತ್ತವೆ. ಬಿಸಿಲು ಎದುರಿನಿಂದ ಬಿದ್ದಾಗ ಕಲ್ಲು ಸಾರಿಸಿದ ಗೋಡೆಯಂತೆ ಸಪಾಟಾಗಿ ಕಾಣುತ್ತದೆ. ಅದೇ ಕಲ್ಲಿಗೆ ಮಗ್ಗುಲಿನಿಂದ, ಕಲ್ಲಿನ ಮೈ ಸವರಿಕೊಂಡು ಹೋಗುವಂತೆ 15ರಿಂದ 20 ಡಿಗ್ರಿ ಓರೆಯಲ್ಲಿ ಬೆಳಕು ಬಿಟ್ಟರೆ, ಕತ್ತಿ ಹಿಡಿದ ಬೆರಳುಗಳೂ ಕುದುರೆಯ ಜೀನಿನ ಗೆಜ್ಜೆಗಳೂ ಎದ್ದು ಬರುತ್ತವೆ. ನಾನು ಹೊಸ ಕ್ಯಾಮೆರಾ ಕೊಳ್ಳುವ ಯೋಚನೆ ಬಿಟ್ಟದ್ದು ಇದನ್ನು ಕಣ್ಣಾರೆ ಕಂಡ ದಿನ.

ತೊಂದರೆ ಎಲ್ಲಿ ಬರುತ್ತದೆ ಎಂದರೆ, ಫ್ಲ್ಯಾಶನ್ನು ಕಲ್ಲಿಗೆ ಹತ್ತಿರ ಇಟ್ಟಾಗ. ಕಲ್ಲು ಮೂರು ಅಡಿ ಅಗಲ ಇದೆ ಎಂದುಕೊಳ್ಳೋಣ. ಫ್ಲ್ಯಾಶ್ ಹತ್ತಿರದ ಅಂಚಿನಿಂದ ಮೂರು ಅಡಿ ದೂರದಲ್ಲಿದ್ದರೆ ಆಚೆಯ ಅಂಚು ಆರು ಅಡಿ ದೂರವಾಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುವುದರಿಂದ, ಒಂದು ಕಡೆ ಸುಣ್ಣ ಬಳಿದಂತೆಯೂ ಇನ್ನೊಂದು ಕಡೆ ಮಸಿ ಬಳಿದಂತೆಯೂ ಆಗುತ್ತದೆ. ಫ್ಲ್ಯಾಶನ್ನು ಹತ್ತು ಅಡಿಗೆ ಸರಿಸಿದರೆ ಎರಡು ಅಂಚುಗಳ ವ್ಯತ್ಯಾಸ ಮುಕ್ಕಾಲು ಸ್ಟಾಪ್‌ನಷ್ಟು ಮಾತ್ರ ಉಳಿಯುತ್ತದೆ (ಬೆಳಕು ಇಮ್ಮಡಿಯಾದರೆ ಅಥವಾ ಅರ್ಧಕ್ಕಿಳಿದರೆ ಅದು ಒಂದು ಸ್ಟಾಪ್), ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಆದರೆ ಹೀಗೆ ಸರಿಸಿದ್ದರ ಬೆಲೆ ದೊಡ್ಡದು: ಮೂರು ಅಡಿಯಿಂದ ಹತ್ತು ಅಡಿಗೆ ಹೋದಾಗ ಹತ್ತಿರದ ಅಂಚಿಗೂ ಬೆಳಕು ಹನ್ನೊಂದನೆಯ ಒಂದು ಪಾಲಿಗೆ ಇಳಿದಿರುತ್ತದೆ.

ಇಲ್ಲಿ ಬಿಸಿಲು ಅಡ್ಡ ಬರುತ್ತದೆ. ಐಎಸ್‌ಒ 100, ಶಟರ್ 1/200 ಇಟ್ಟರೆ ನಡುಹಗಲ ಬಿಸಿಲಿಗೆ ಸರಿಹೊಂದುವ ಲೆನ್ಸಿನ ಕಂಡಿಯ ಅಳತೆ ಎಫ್/11. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) ಮೀಟರ್ ಲೆಕ್ಕದಲ್ಲಿ 36 ಇರುವ ನನ್ನ ಸಣ್ಣ ಫ್ಲ್ಯಾಶ್, ಪೂರ್ತಿ ಶಕ್ತಿಯಲ್ಲಿ ಹತ್ತು ಅಡಿಯಿಂದ ನೇರವಾಗಿ ಹೊಡೆದರೂ ಕೊಡುವುದು ಹೆಚ್ಚುಕಡಿಮೆ ಅಷ್ಟನ್ನೇ. ಓರೆಯಾಗಿ ಹೊಡೆದಾಗ ಬೆಳಕು ಹರಡಿ ತೆಳುವಾಗಿ, 20 ಡಿಗ್ರಿಯಲ್ಲಿ ನೇರ ಬೆಳಕಿನ ಮೂರನೆಯ ಒಂದು ಪಾಲು ಮಾತ್ರ ಕಲ್ಲಿಗೆ ದಕ್ಕುತ್ತದೆ. ಅಂದರೆ ಸೂರ್ಯನೊಡನೆ ಪೈಪೋಟಿ ಮಾಡಿ ಗೆಲ್ಲುವ ಮಾತಿಲ್ಲ. ಬಿಸಿಲನ್ನು ತಡೆಯುವುದೇ ದಾರಿ. ಒಮ್ಮೆ ಹಾನಗಲ್ಲ ತಾಲೂಕಿನ ಒಂದು ಊರಿನಲ್ಲಿ ನಾನು ಹೀಗೆ ಒದ್ದಾಡುವುದನ್ನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಅಜ್ಜಿಯೊಬ್ಬರು ಒಳಗೆ ಹೋಗಿ ಕೌದಿಯೊಂದನ್ನು ತಂದು ಇಬ್ಬರು ಹುಡುಗರ ಕೈಗೆ ಕೊಟ್ಟು ಹಿಡಿಯಲು ಹೇಳಿದರು. ಅಂದಿನಿಂದ ಇಂದಿನವರೆಗೆ ಕೌದಿಯೇ ನನ್ನ ದೊಡ್ಡ ಸಲಕರಣೆ. ನಾಲ್ಕಾರು ಸೀರೆಯ ಪದರು ಸೇರಿಸಿ ಹೊಲಿದದ್ದಾದ್ದರಿಂದ ಅದರೊಳಗಿಂದ ಬೆಳಕು ಸೋರುವುದಿಲ್ಲ. ಒಂದೇ ಪದರಿನ ತೆಳು ಸೀರೆ ಹಿಡಿದರೆ ಕಲ್ಲಿಗೆ ಸೀರೆಯ ಬಣ್ಣ ಬರುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಕೌದಿಯ ನೆರಳಿನಲ್ಲಿ ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದಾಗ ಅದು ತೀರ ಮಬ್ಬಾಗಿ ಬರಬೇಕು. ಹಾಗೆ ಬಂದರೆ ಮುಂದಿನ ಚಿತ್ರದ ಬೆಳಕೆಲ್ಲ ನಾವು ಇಟ್ಟ ಕಡೆಯಿಂದಲೇ ಬಂದದ್ದೆಂದು ತಿಳಿಯಬಹುದು.

ಅದೇ ಅಜ್ಜಿ ಕೊನೆಗೆ ಕೇಳಿದ ಮಾತು: "ಹಿಂದನೂ ಒಬ್ರು ಬಂದು ಫೋಟೋ ತಕ್ಕೊಂಡು ಹೋದ್ರಪಾ. ಒಂದ್ ನಮಗ ತೋರಿಸ್ಲಿಲ್ಲ. ನೀನರ ಕೊಡತೀ ಏನು?" ಆ ಕಲ್ಲಿನ ಚಿತ್ರವನ್ನು ಮುದ್ರಿಸಿ ಚೌಕಟ್ಟು ಹಾಕಿಸಿ ಕೊಟ್ಟು ಬಂದೆ. ಅಲ್ಲಿಂದ ಮುಂದೆ ಎಲ್ಲ ಚಿತ್ರಗಳನ್ನೂ ಪೂರ್ಣ ಗಾತ್ರದಲ್ಲಿ, ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0 ಪರವಾನಗಿಯಡಿ ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುತ್ತಿದ್ದೇನೆ. ಹೆಸರು ಹೇಳಬೇಕು, ಮಾರ್ಪಡಿಸಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೇ. ಪ್ರತಿ ಚಿತ್ರದ ಕೆಳಗೆ ತಾರೀಖು, ವೇಳೆ, ಫ್ಲ್ಯಾಶ್ ಎಡಕ್ಕಿತ್ತೋ ಬಲಕ್ಕಿತ್ತೋ, ಎಷ್ಟು ದೂರವಿತ್ತು ಎಂಬುದನ್ನೂ ಬರೆಯುತ್ತೇನೆ. ನನ್ನ ಮಟ್ಟಿಗೆ ಬೆಳಕಿನ ವಿವರವಿಲ್ಲದ ಕಲ್ಲಿನ ಚಿತ್ರ ಅರ್ಧ ಮಾತ್ರ ಹಂಚಿದ ಚಿತ್ರ, ಏಕೆಂದರೆ ಮುಂದೆ ಹೋಗುವವರು ನಾನು ಬಿಟ್ಟ ಕಡೆಯಿಂದ ಬೆಳಕು ಹಾಕಬೇಕಾದರೆ ನಾನು ಹಾಕಿದ್ದು ಯಾವ ಕಡೆಯಿಂದ ಎಂಬುದು ಅವರಿಗೆ ಗೊತ್ತಿರಬೇಕು.

ಒಂದು ವಿನಂತಿ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣದ ಪುಡಿ, ವಿಭೂತಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಕಲ್ಲಿನೊಳಗೆ ಇಳಿದು ಧೂಳು ಹಿಡಿಯುತ್ತದೆ. ತೇಯ್ದು ಹಚ್ಚಿದವರ ಕೈಗೆ ಸಿಕ್ಕದ್ದು ಅವರು ಓದಿಕೊಂಡ ಅಕ್ಷರವೇ ಹೊರತು ಕಲ್ಲಿನಲ್ಲಿರುವ ಅಕ್ಷರವಲ್ಲ.

ಬೆಟಗೇರಿ ಸ್ಟುಡಿಯೊ, ಗದಗ

ಕೌದಿಯ ಉಪಾಯ ಓದಿ ಸಂತೋಷವಾಯಿತು ಸರ್. ನಾವು ಮದುವೆಯ ಕೆಲಸದಲ್ಲಿ ಬಿಳಿ ಥರ್ಮೋಕೋಲ್ ಹಿಡಿಸಿ ಬೆಳಕು ತುಂಬಿಸುವವರು, ತಾವು ಕೌದಿ ಹಿಡಿಸಿ ಬೆಳಕು ಕಳೆಯುವವರು. ಎರಡೂ ಒಂದೇ ವಿದ್ಯೆಯ ಎರಡು ಮೈ ಎನ್ನಬಹುದು. ಗುಡಿಯ ಒಳಗೆ, ಸಮುದಾಯ ಭವನದೊಳಗೆ ಕೆಲಸ ಮಾಡುವವರಿಗೆ ನನ್ನದೊಂದು ಸೂಚನೆ ಇದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/250, 1/500 ಇಟ್ಟರೆ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬೀಳುತ್ತವೆ. 1/100 ಅಥವಾ 1/50ಕ್ಕೆ ಇಳಿಸಿದರೆ ಹೋಗುತ್ತವೆ. ಹೊಸ ಹುಡುಗರು ಇದನ್ನು ಕ್ಯಾಮೆರಾದ ದೋಷವೆಂದು ತಿಳಿದು ಸರ್ವಿಸ್ ಸೆಂಟರಿಗೆ ಒಯ್ಯುವುದನ್ನು ನೋಡಿದ್ದೇನೆ.

ಆದರೆ ಪೂರ್ಣ ಗಾತ್ರದ ಚಿತ್ರವನ್ನು ಎಲ್ಲರಿಗೂ ಬಿಟ್ಟುಕೊಡುವ ವಿಷಯದಲ್ಲಿ ನನಗೆ ತಮ್ಮ ಮಾತು ಒಪ್ಪಿಗೆಯಾಗಲಿಲ್ಲ. ತಮಗೆ ಇದು ರವಿವಾರದ ಕೆಲಸ, ನಮಗೆ ಅದೇ ಅನ್ನ. ನಾಲ್ಕು ವರ್ಷದ ಹಿಂದೆ ನಾನು ತೆಗೆದ ಒಂದು ಜಾತ್ರೆಯ ತೇರಿನ ಚಿತ್ರವನ್ನು ನನ್ನ ಪುಟದಿಂದ ಇಳಿಸಿಕೊಂಡು, ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ, ಇಪ್ಪತ್ತು ಅಡಿಯ ಫ್ಲೆಕ್ಸ್ ಮಾಡಿ ನಮ್ಮ ಅಂಗಡಿಯ ಎದುರಿಗೇ ಕಟ್ಟಿದರು. ಕೇಳಲು ಹೋದರೆ "ದೇವರ ಫೋಟೋಕ್ಕ ರೊಕ್ಕ ಕೇಳತೀರೇನ್ರಿ?" ಎಂದರು. ಅಂಥವರಿಗೆ ನಾವೇ ಬಾಗಿಲು ತೆರೆದು ಕರೆಯಬೇಕೆ? ಪರವಾನಗಿಯ ಷರತ್ತನ್ನು ಓದುವವರು ಯಾರು?

ಎರಡನೇ ಸೆಮಿಸ್ಟರ್, ಹುಬ್ಬಳ್ಳಿ

ಸರ್, ನಾನು ಇನ್ನೂ ಕಲಿಯುವವನು. ಈ ಕೆಲಸಕ್ಕೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬೇಕೇ ಬೇಕೆಂದು ಅಂಗಡಿಯಲ್ಲಿ ಹೇಳಿದರು. ತಾವು ಯಾವುದನ್ನು ಬಳಸುತ್ತೀರಿ? ಸಾಲ ಮಾಡಿ ಕೊಳ್ಳಬೇಕಾದ ಪರಿಸ್ಥಿತಿ ಇರುವುದರಿಂದ ಕೇಳುತ್ತಿದ್ದೇನೆ.

ಕೌದಿ ನೆರಳು, ಧಾರವಾಡ

ಸಾಲ ಮಾಡಬೇಡ ತಮ್ಮಾ. ನನ್ನದು ಅದಕ್ಕಿಂತ ಸಣ್ಣ ಸೆನ್ಸರಿನ ಹಳೆಯ ಎಪಿಎಸ್-ಸಿ ಕ್ಯಾಮೆರಾ, 24 ಮೆಗಾಪಿಕ್ಸೆಲ್, ಜೊತೆಗೆ 50 ಮಿಮೀ ಎಫ್/1.8 ಲೆನ್ಸ್. ಎಫ್/8ರಲ್ಲಿ ಚಿತ್ರ ತೆಗೆಯುವಾಗ ಎಫ್/1.8 ಇದ್ದೂ ಉಪಯೋಗವಿಲ್ಲ, ಆ ಲೆನ್ಸು ಅಗ್ಗವಾಗಿಯೂ ಚೂಪಾಗಿಯೂ ಇದೆ ಎಂದಷ್ಟೇ ಇಟ್ಟುಕೊಂಡಿದ್ದೇನೆ. ಲೆಕ್ಕ ನೋಡು: 24 ಮೆಗಾಪಿಕ್ಸೆಲ್ ಎಂದರೆ ಉದ್ದಕ್ಕೆ 6000 ಚುಕ್ಕೆ. ಐದಡಿ, ಅಂದರೆ ಸುಮಾರು 1500 ಮಿಮೀ ಎತ್ತರದ ಕಲ್ಲನ್ನು ಚೌಕಟ್ಟಿನ ತುಂಬ ಹಿಡಿದರೆ ಒಂದು ಮಿಲಿಮೀಟರಿಗೆ ನಾಲ್ಕು ಚುಕ್ಕೆ ಸಿಗುತ್ತವೆ. ಒಂದು ಅಂಗುಲದ ಅಕ್ಷರಕ್ಕೆ ನೂರು ಚುಕ್ಕೆ. ಓದಲು ಅಷ್ಟು ಧಾರಾಳವಾಗಿ ಸಾಕು. ಅದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಮಾಮೂಲು ಫೋಟೋ ಆಗಿ ಕಳಿಸಿದರೆ ಕುಗ್ಗಿಸಿಬಿಡುತ್ತದೆ, ತೆಗೆದ ವೇಳೆ, ಶಟರ್ ಮುಂತಾದ ಒಳವಿವರಗಳೂ ಅಳಿಸಿಹೋಗುತ್ತವೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸು.

ಕೈಯಲ್ಲಿರುವ ದುಡ್ಡನ್ನು ಕೈಯಿಂದ ಹೊಂದಿಸುವ ಫ್ಲ್ಯಾಶ್, ರೇಡಿಯೋ ಟ್ರಿಗರ್ ಮತ್ತು ಒಂದು ಸ್ಟ್ಯಾಂಡಿಗೆ ಹಾಕು. ಸ್ಟ್ಯಾಂಡಿನ ಕಾಲಿಗೆ ಕಟ್ಟಲು ಖಾಲಿ ಚೀಲ ಒಯ್ದು ಅಲ್ಲಿಯ ಮಣ್ಣನ್ನೇ ತುಂಬಿಸಿಕೊ. ಗಾಳಿಯನ್ನು ಲಘುವಾಗಿ ಎಣಿಸಿ ನಾನು ಒಮ್ಮೆ ಕೆಟ್ಟಿದ್ದೇನೆ. ಇನ್ನೊಂದು ಮಾತು, ಧಾರವಾಡದ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸರು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡು, ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಶಾಸನದ ವಿದ್ಯಾರ್ಥಿನಿ, ಧಾರವಾಡ

ಈ ಚಿತ್ರಗಳನ್ನು ಓದಲು ಬಳಸುವವಳಾಗಿ ನನ್ನ ಅನುಭವ ಹೇಳುತ್ತೇನೆ. ಬೆಳಕು ಒಂದೇ ಕಡೆಯಿಂದ ಬಿದ್ದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಓದುಗರನ್ನು ಮೋಸಗೊಳಿಸಬಲ್ಲದು. ಬೆಳಕು ಎಡದಿಂದ ಬಂದರೆ ಅಡ್ಡಗೆರೆಗಳು ಮಾಯವಾಗಿ ಉದ್ದಗೆರೆಗಳು ಎದ್ದು ಕಾಣುತ್ತವೆ. ಮೇಲಿನಿಂದ ಬಂದರೆ ಇದಕ್ಕೆ ತಿರುವುಮುರುವು. ಹಳಗನ್ನಡದ ಲಿಪಿಯಲ್ಲಿ ಮ ಮತ್ತು ವ ಅಕ್ಷರಗಳ ನಡುವಿನ ಅಂತರ ಒಂದು ಸಣ್ಣ ಬಾಗಿನಷ್ಟೇ ಇರುವುದುಂಟು. ಆ ಬಾಗು ಬೆಳಕಿನ ದಿಕ್ಕಿಗೆ ಸಮನಾಗಿ ಬಿದ್ದಿದ್ದರೆ ಚಿತ್ರದಲ್ಲಿ ಇರುವುದೇ ಇಲ್ಲ. ಆದ್ದರಿಂದ ತಾವು ಬೆಳಕಿನ ದಿಕ್ಕು ಬರೆದಿಡುವುದು ನಮ್ಮಂಥವರಿಗೆ ಚಿತ್ರದಷ್ಟೇ ಮುಖ್ಯವಾದುದು. ಕನಿಷ್ಠ ಎಡ, ಬಲ, ಮೇಲೆ ಎಂದು ಮೂರು ಚಿತ್ರಗಳನ್ನು, ಕ್ಯಾಮೆರಾ ಅಲುಗಿಸದೆ ತೆಗೆದರೆ ಉಪಕಾರವಾಗುತ್ತದೆ.

ಇದನ್ನೇ ಶಾಸ್ತ್ರೀಯವಾಗಿ ಮಾಡುವ ವಿಧಾನವೊಂದಿದೆ. ಕಲ್ಲಿನ ಪಕ್ಕದಲ್ಲಿ ಹೊಳೆಯುವ ಕರಿಯ ಗೋಲಿಯೊಂದನ್ನು ಇಟ್ಟು, ದೀಪವನ್ನು ಸುತ್ತಲೂ ಬೇರೆ ಬೇರೆ ಕೋನಗಳಿಗೆ ಒಯ್ದು ಮೂವತ್ತು ನಲವತ್ತು ಚಿತ್ರ ತೆಗೆಯುತ್ತಾರೆ. ಗೋಲಿಯ ಮೇಲೆ ಕಾಣುವ ಬೆಳಕಿನ ಚುಕ್ಕೆಯಿಂದ ಪ್ರತಿ ಚಿತ್ರದಲ್ಲಿ ದೀಪ ಎಲ್ಲಿತ್ತೆಂಬುದನ್ನು ಕಂಪ್ಯೂಟರು ಲೆಕ್ಕ ಹಾಕಿ, ಆಮೇಲೆ ನಾವು ಪರದೆಯ ಮೇಲೆಯೇ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ಓದುವಂತೆ ಮಾಡುತ್ತದೆ. ಕಲ್ಲಿನ ನಡುವಿನಿಂದ ದೀಪದವರೆಗಿನ ದೂರ ಪ್ರತಿ ಸಲವೂ ಒಂದೇ ಇರಬೇಕೆಂದು ದಾರ ಕಟ್ಟಿ ಅಳೆಯುವ ಪದ್ಧತಿ. ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಗೋಲಿಗೆ ಹೆಚ್ಚು ಖರ್ಚಿಲ್ಲ.

ಹಂಚಿಕೆಯ ಬಗ್ಗೆ ಒಂದು ಮಾತು. ಧಾರವಾಡ ಸೀಮೆಯ ಗುಡಿಗಳನ್ನೂ ಶಾಸನಗಳನ್ನೂ 1850ರ ದಶಕದಲ್ಲಿ ಬಿಗ್ಸ್ ಮತ್ತು ಪಿಗೌ ಎಂಬವರು ಕ್ಯಾಮೆರಾದಲ್ಲಿ ಹಿಡಿದಿದ್ದರು. ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅವುಗಳ ಹಕ್ಕಿನ ಅವಧಿ ಎಂದೋ ಮುಗಿದಿರುವುದರಿಂದ ಇಂದು ಯಾರು ಬೇಕಾದರೂ ನೋಡಬಹುದು, ಈಗಿನ ಸ್ಥಿತಿಯೊಡನೆ ಹೋಲಿಸಬಹುದು. ಆದರೆ ಆಮೇಲಿನ ನೂರು ವರ್ಷಗಳಲ್ಲಿ ನಮ್ಮವರೇ ತೆಗೆದ ಚಿತ್ರಗಳಲ್ಲಿ ಎಷ್ಟೋ ಯಾರದೋ ಮನೆಯ ಟ್ರಂಕಿನಲ್ಲಿ ಗೆದ್ದಲು ಹಿಡಿದಿವೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಲಕ್ಕುಂಡಿ ದಾರಿ, ಗದಗ

ಎಲ್ಲ ಕಲ್ಲಿಗೂ ಫ್ಲ್ಯಾಶ್ ಒಯ್ಯಲಾಗುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣದ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮೊದಲೇ ಅನುಮತಿ ಪಡೆಯಬೇಕು. ಹೀಗಾಗಿ ಲಕ್ಕುಂಡಿಯಲ್ಲಿ ನಾನು ನೆಚ್ಚಿಕೊಂಡಿರುವುದು ಸೂರ್ಯನನ್ನೇ. ಪಂಚಾಂಗ ನೋಡಿ ಗುಡಿಗೆ ಹೋಗುವವನು ನಾನು ಎಂದು ಗೆಳೆಯರು ನಗುತ್ತಾರೆ, ನಗಲಿ.

ಗುಡಿಯ ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಎಂದು ಬಹಳ ಜನ ಹೇಳುತ್ತಾರೆ. ವರ್ಷದ ಅರ್ಧ ಭಾಗಕ್ಕೆ ಮಾತ್ರ ಅದು ನಿಜ. ನಾವಿರುವುದು ಉತ್ತರಕ್ಕೆ ಸುಮಾರು 15.4 ಡಿಗ್ರಿ ಅಕ್ಷಾಂಶದಲ್ಲಿ. ಮಾರ್ಚ್ 21ರ ಆಸುಪಾಸಿನಿಂದ ಸೆಪ್ಟೆಂಬರ್ 23ರ ಆಸುಪಾಸಿನವರೆಗೆ ಸೂರ್ಯ ಮೂಡುವುದೂ ಮುಳುಗುವುದೂ ನೇರ ಪೂರ್ವ ಪಶ್ಚಿಮಗಳಿಗಿಂತ ಸ್ವಲ್ಪ ಉತ್ತರಕ್ಕೆ. ಆದ್ದರಿಂದ ಪೂರ್ವ ಪಶ್ಚಿಮವಾಗಿ ಕಟ್ಟಿದ ಗುಡಿಯ ಉತ್ತರದ ಗೋಡೆಗೆ ಆ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಸವರಿಕೊಂಡು ಹೋಗುವ ಬೆಳಕು ಸಿಗುತ್ತದೆ. ಇನ್ನು ಮೇ ತಿಂಗಳ ಮೊದಲ ದಿನಗಳಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನಲ್ಲಿಯೂ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಜೂನ್ ಹಿಡಿದರೆ ಮೋಡ. ಆದ್ದರಿಂದ ನನಗೆ ಉಳಿಯುವುದು ಏಪ್ರಿಲ್ ನಡುವಿನಿಂದ ಮೇ ಕೊನೆ. ಕಾಶಿವಿಶ್ವೇಶ್ವರ ಗುಡಿಯ ಉತ್ತರದ ಗೋಡೆಯ ಸಣ್ಣ ಶಿಖರಗಳ ಕೆತ್ತನೆಯನ್ನು ಮೇ ತಿಂಗಳ ಬೆಳಗಿನ ಏಳು ಗಂಟೆಗೆ ನೋಡಿದವರು ಡಿಸೆಂಬರಿನಲ್ಲಿ ಕಂಡದ್ದನ್ನು ಮರೆಯುತ್ತಾರೆ.

ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಈ ಪಂಚಾಂಗದ ಗೊಡವೆ ಕಡಿಮೆ. 24 ಮೂಲೆಗಳ ನಕ್ಷತ್ರದ ಆಕಾರವಾದ್ದರಿಂದ ಬಿಸಿಲಿರುವಷ್ಟು ಹೊತ್ತೂ ಒಂದಲ್ಲ ಒಂದು ಮೂಲೆಗೆ ಓರೆ ಬೆಳಕು ಸಿಕ್ಕೇ ಸಿಗುತ್ತದೆ, ಗುಡಿಯ ಸುತ್ತ ಸೂರ್ಯನೊಡನೆ ಪ್ರದಕ್ಷಿಣೆ ಹಾಕುತ್ತಿದ್ದರೆ ಸಾಕು. ಹಾವೇರಿಯ ಸಿದ್ಧೇಶ್ವರನ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಅಲ್ಲಿಗೆ ಬೆಳಿಗ್ಗೆ ಹೋಗಿ ಮುಂಭಾಗದ ಚಿತ್ರ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಕಡೆದು ನುಣುಪು ಮಾಡಿದ ಚಾಲುಕ್ಯರ ಕಂಬಗಳದ್ದು ಬೇರೆಯೇ ಪಾಡು. ಅವು ಕನ್ನಡಿಯಂತೆ ಬಾಗಿಲ ಬೆಳಕನ್ನು ತೋರಿಸುತ್ತವೆ, ಉಬ್ಬಿದ ಬಳೆಯೊಂದೊಂದರ ಮೇಲೂ ಬಿಳಿಯ ಗೆರೆ. ಲೆನ್ಸಿಗೆ ಪೋಲರೈಸರ್ ಎಂಬ ಹೊಳಪು ತಗ್ಗಿಸುವ ಗಾಜು ಹಾಕಿ ತಿರುಗಿಸಿದರೆ ಓರೆಯಿಂದ ಬರುವ ಪ್ರತಿಫಲನ ಬಹುಮಟ್ಟಿಗೆ ತಗ್ಗುತ್ತದೆ, ಆದರೆ ಒಂದೂವರೆ ಸ್ಟಾಪ್‌ನಷ್ಟು ಬೆಳಕೂ ಹೋಗುತ್ತದೆ. ಟ್ರೈಪಾಡ್ ಇಲ್ಲದ ಕಡೆ ಅದು ಸಣ್ಣ ನಷ್ಟವಲ್ಲ. ನಾನು ಪೂರ್ತಿ ತೆಗೆಯುವುದಿಲ್ಲ. ಆ ಹೊಳಪು ಇಲ್ಲದ ಕಂಬ ಸಿಮೆಂಟಿನದರಂತೆ ಕಾಣುತ್ತದೆ.

ಮೆಣಸಿನಕಾಯಿ ಪೇಟೆ, ಬ್ಯಾಡಗಿ

ಕಲ್ಲಿನ ಮಾತಿನ ನಡುವೆ ಕಾಯಿಯ ಮಾತು ತರುತ್ತಿದ್ದೇನೆ, ಕ್ಷಮಿಸಬೇಕು. ನಮ್ಮ ಪೇಟೆಗೆ ಮೆಣಸಿನಕಾಯಿಯ ರಾಶಿ ಬರುವ ದಿನಗಳಲ್ಲಿ ಎಷ್ಟೋ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಎಲ್ಲರ ಚಿತ್ರದಲ್ಲಿಯೂ ರಾಶಿ ಕೆಂಪು ಬಣ್ಣ ಸುರಿದಂತೆ ಕಾಣುತ್ತದೆ, ಕಾಯಿಯ ಮೈಮೇಲಿನ ಸುಕ್ಕು ಕಾಣುವುದಿಲ್ಲ. ಬ್ಯಾಡಗಿ ಕಾಯಿಯ ಗುರುತೇ ಆ ಸುಕ್ಕು. ಕಾರಣವೇನು?

ಬೆಟಗೇರಿ ಸ್ಟುಡಿಯೊ, ಗದಗ

ಇದಕ್ಕೆ ನಾನು ಉತ್ತರ ಕೊಡಬಲ್ಲೆ ಮೇಡಂ, ಕೆಂಪು ಸೀರೆಯ ಮದುಮಗಳಿಂದ ಕಲಿತ ಪಾಠವಿದು. ಕ್ಯಾಮೆರಾದ ಮಾಮೂಲು ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಮೂರೂ ಬಣ್ಣಗಳನ್ನು ಸೇರಿಸಿ ತೋರಿಸುತ್ತದೆ, ಅದರಲ್ಲಿ ಹಸಿರಿನ ಪಾಲು ಹೆಚ್ಚು. ಒಟ್ಟು ಬೆಳಕು ಸರಿಯಾಗಿದೆ ಎಂದು ಅದು ತೋರಿಸುವ ಹೊತ್ತಿಗೆ ಕೆಂಪಿನ ವಾಹಿನಿ ಮಾತ್ರ ತುಂಬಿ ಚೆಲ್ಲಿರುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುವ ಹಿಸ್ಟೋಗ್ರಾಂ ಹಾಕಿಕೊಂಡು, ಕೆಂಪು ಬಲದ ಗೋಡೆಗೆ ತಾಗದ ತನಕ ಬೆಳಕು ಇಳಿಸಿರಿ. ಒಂದು, ಒಂದೂವರೆ ಸ್ಟಾಪ್ ಇಳಿಸಬೇಕಾದೀತು. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ) ಕಡತದಲ್ಲಿ ತೆಗೆದರೆ ಉಳಿದದ್ದನ್ನು ಆಮೇಲೆ ಎತ್ತಿಕೊಳ್ಳಬಹುದು. ಎಸ್‌ಆರ್‌ಜಿಬಿಗೆ (ಪರದೆಗಳಿಗೆಂದು ಇರುವ ಸಾಮಾನ್ಯ ಬಣ್ಣವ್ಯಾಪ್ತಿಗೆ) ಇಳಿಸುವಾಗಲೂ ಕೆಂಪು ಮತ್ತೊಮ್ಮೆ ಕಟ್ಟಿಕೊಳ್ಳುತ್ತದೆ, ಆಗ ಬಣ್ಣದ ಗಾಢತೆಯನ್ನು ತುಸು ತಗ್ಗಿಸುವುದು ಲೇಸು. ಸುಕ್ಕು ಕಾಣಬೇಕೆಂದರೆ ಕೌದಿಯವರ ಮಾತೇ ಸರಿ, ಇಳಿಹೊತ್ತಿನ ಮಗ್ಗುಲ ಬಿಸಿಲು.

ಮಾಗಡಿ ಕೆರೆ ದಂಡೆ, ಶಿರಹಟ್ಟಿ

ಮುಕ್ತವಾಗಿ ಹಂಚುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಎಲ್ಲವನ್ನೂ ಹಂಚಬೇಕೆ ಎಂಬ ಪ್ರಶ್ನೆ ಇದೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದು ಎಲ್ಲರಿಗೂ ಗೊತ್ತು. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು, ಬಚ್ಚಿಡುವಂಥದ್ದೇನೂ ಇಲ್ಲ. ಆದರೆ ಬಯಲಿನಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭದ ಚಿತ್ರವನ್ನು ಒಬ್ಬರು ಮೊಬೈಲಿನಲ್ಲಿ ತೆಗೆದು ಹಾಗೆಯೇ ಹಾಕಿದಾಗ, ಅದರೊಳಗಿದ್ದ ಜಿಪಿಎಸ್ ವಿವರ ಹಿಡಿದು ಮರುದಿನ ಐದಾರು ಜನ ಬಂದು ನಿಂತರು. ಹಕ್ಕಿ ಗೂಡು ಬಿಟ್ಟು ಹೋಯಿತು. ತಾವು ಪ್ರತಿ ವೀರಗಲ್ಲಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸುತ್ತೀರಾ? ಕಲ್ಲಿಗೆ ಹಾರಿಹೋಗಲು ಬರುವುದಿಲ್ಲ, ಹೊತ್ತೊಯ್ಯುವವರು ಮಾತ್ರ ಬರುತ್ತಾರೆ.

ಕೌದಿ ನೆರಳು, ಧಾರವಾಡ

ಮಾಗಡಿಯವರ ಮಾತು ನನಗೆ ಚುಚ್ಚಿತು, ಏಕೆಂದರೆ ಮೊದಲ ವರ್ಷ ನಾನು ಎಲ್ಲದರ ಜಾಗವನ್ನೂ ಅಡಿ ಅಳತೆಗೆ ಕೊಟ್ಟಿದ್ದೆ. ಈಗ ನೆಲದಲ್ಲಿ ಹೂತು ನಿಂತ ದೊಡ್ಡ ಕಲ್ಲುಗಳಿಗೆ ಮಾತ್ರ ನಿಖರವಾದ ಜಾಗ ಕೊಡುತ್ತೇನೆ. ಒಬ್ಬರೇ ಎತ್ತಬಹುದಾದ ಬಿಡಿ ಮೂರ್ತಿಗಳಿಗೆ ಊರಿನ ಹೆಸರಿಗಿಂತ ಹೆಚ್ಚೇನೂ ಬರೆಯುವುದಿಲ್ಲ. ಆದರೆ ಚಿತ್ರವನ್ನು ಮಾತ್ರ ತಡೆಹಿಡಿಯುವುದಿಲ್ಲ, ಅದಕ್ಕೆ ಕಾರಣವಿದೆ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿಗೆ ಸೇರಿದ್ದ ನಟರಾಜ 2014ರಲ್ಲಿ ಮರಳಿ ಬಂದದ್ದರ ಹಿಂದೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳ ಹಿಂದೆ ತೆಗೆದಿಟ್ಟಿದ್ದ ಛಾಯಾಚಿತ್ರಗಳ ಪಾಲು ದೊಡ್ಡದು. ಮೂರ್ತಿ ಇದೇ ಗುಡಿಯದೆಂದು ತೋರಿಸಲು ಚಿತ್ರವೇ ಇಲ್ಲದಿದ್ದರೆ ಹೋದದ್ದು ಹೋಯಿತು ಎಂದು ಕೂರಬೇಕಾಗುತ್ತದೆ. ಕಲ್ಲಿನ ಒಡಕು, ಮುಕ್ಕಾದ ಮೂಗು, ಇವುಗಳನ್ನು ಸ್ಪಷ್ಟವಾಗಿ ತೋರಿಸುವುದು ಮತ್ತದೇ ಓರೆ ಬೆಳಕು.

ಇನ್ನು ಬೆಟಗೇರಿಯವರಿಗೆ. ತಮ್ಮ ತೇರಿನ ಚಿತ್ರಕ್ಕೆ ಆದದ್ದು ಅನ್ಯಾಯವೇ. ಆದರೆ ಗಮನಿಸಿ ಸರ್, ಆಗ ತಾವು ಏನನ್ನೂ ಮುಕ್ತವಾಗಿ ಬಿಟ್ಟಿರಲಿಲ್ಲ, ಮೂಲೆಯಲ್ಲಿ ಹೆಸರೂ ಇತ್ತು, ಆದರೂ ಒಯ್ದರು. ಕಳ್ಳನಿಗೆ ಸಣ್ಣ ಗಾತ್ರದ ಚಿತ್ರವೂ ಸಾಕು, ಇಪ್ಪತ್ತು ಅಡಿಯ ಫ್ಲೆಕ್ಸನ್ನು ಯಾರೂ ಹತ್ತಿರದಿಂದ ನೋಡುವುದಿಲ್ಲ. ಗಾತ್ರ ಕುಗ್ಗಿಸಿದ್ದರಿಂದ ತೊಂದರೆಯಾಗುವುದು ಶಾಸನ ಓದುವ ಆ ವಿದ್ಯಾರ್ಥಿನಿಯಂಥವರಿಗೆ ಮಾತ್ರ.

ಹಾಗೆಂದು ತಾವು ಮದುವೆಯ ಚಿತ್ರಗಳನ್ನು ಹೀಗೆ ಬಿಡಬೇಕೆಂದು ನಾನು ಹೇಳುತ್ತಿಲ್ಲ, ಹೇಳಲೂ ಬಾರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ. ಸ್ಟುಡಿಯೊದವರು ತಮ್ಮದೆಂದು ತಿಳಿದಿರುವ ಎಷ್ಟೋ ಚಿತ್ರಗಳು ಕಾಯ್ದೆಯ ಕಣ್ಣಿನಲ್ಲಿ ಮದುಮಗಳ ತಂದೆಯವು. ಕಾಯ್ದೆ ಹಾಗಿರಲಿ, ಇನ್ನೊಬ್ಬರ ಮನೆಯ ಮುಖಗಳನ್ನು ಹಂಚುವುದು ನಮ್ಮ ಕೈಯಲ್ಲಿರುವ ಅಧಿಕಾರವಲ್ಲ. ತಾವಾಗಿ ಹೋಗಿ ತೆಗೆದ ತೇರು, ಕೆರೆ, ಗುಡಿ, ಇವು ಮಾತ್ರ ತಮ್ಮವು. ತಮ್ಮ ಜೀವಮಾನವಿಡೀ ತಮ್ಮವೇ, ತೀರಿಕೊಂಡ ಮುಂದಿನ ವರ್ಷದ ಮೊದಲ ದಿನದಿಂದ ಅರವತ್ತು ವರ್ಷ ವಾರಸುದಾರರವು. ಅವುಗಳಲ್ಲಿ ಯಾವುದನ್ನು ಬಿಡಬೇಕೆಂಬುದನ್ನು ನಿಧಾನವಾಗಿ ಯೋಚಿಸಿ, ಏಕೆಂದರೆ ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ವಾಣಿಜ್ಯ ಬಳಕೆ ಬೇಡವೆಂಬ ಷರತ್ತು ಹಾಕಬಹುದು, ಆದರೆ ಅಂಥ ಚಿತ್ರವನ್ನು ವಿಕಿಮೀಡಿಯಾ ಕಾಮನ್ಸ್ ಸ್ವೀಕರಿಸುವುದಿಲ್ಲ.

ಬೆಟಗೇರಿ ಸ್ಟುಡಿಯೊ, ಗದಗ

17ನೆಯ ಕಲಮಿನ ವಿಷಯ ನನಗೆ ಗೊತ್ತಿರಲಿಲ್ಲ, ನಮ್ಮ ರಸೀದಿ ಪುಸ್ತಕದ ಹಿಂಬದಿಯಲ್ಲಿ ಒಂದು ಸಾಲು ಸೇರಿಸುತ್ತೇನೆ. ಉಳಿದಂತೆ ನನ್ನ ಮನಸ್ಸು ಪೂರ್ತಿ ತಿರುಗಿಲ್ಲ. ತೇರಿನ ಚಿತ್ರಗಳನ್ನು ನಾನು ಬಿಡುವುದಿಲ್ಲ, ಕ್ಯಾಲೆಂಡರಿನವರು ಈಗಲೂ ಕೊಳ್ಳುತ್ತಾರೆ. ಆದರೆ ಮೊನ್ನೆ ಮುಂಡರಗಿ ಕಡೆ ಮದುವೆಗೆ ಹೋದಾಗ ಊರ ಹೊರಗೆ ಬೇವಿನ ಗಿಡದ ಕೆಳಗೆ ಒಂದು ವೀರಗಲ್ಲು ಕಂಡಿತು. ಕೌದಿ ಇರಲಿಲ್ಲ, ಮಂಟಪದ ಜಮಖಾನೆಯನ್ನೇ ಇಬ್ಬರ ಕೈಯಲ್ಲಿ ಹಿಡಿಸಿದೆ. ಫ್ಲ್ಯಾಶ್ ಬಲಕ್ಕೆ, ಒಂಬತ್ತು ಅಡಿ. ಎಫ್/8, 1/200, ಐಎಸ್‌ಒ 200. ಇನ್ನೊಂದು ಚಿತ್ರಕ್ಕೆ ಫ್ಲ್ಯಾಶನ್ನು ಹುಡುಗನೊಬ್ಬ ಏಣಿ ಹತ್ತಿ ಮೇಲಿನಿಂದ ಹಿಡಿದ. ಎರಡನ್ನೂ ಪೂರ್ಣ ಗಾತ್ರದಲ್ಲಿ ಹಾಕಿದ್ದೇನೆ, ತಾವು ಹೇಳಿದ ಪರವಾನಗಿಯಲ್ಲಿಯೇ. ನೆಲದಲ್ಲಿ ಹೂತ ಕಲ್ಲು, ಆದ್ದರಿಂದ ಜಾಗವನ್ನೂ ಕೊಟ್ಟಿದ್ದೇನೆ.

ಶಾಸನದ ವಿದ್ಯಾರ್ಥಿನಿ, ಧಾರವಾಡ

ಬೆಟಗೇರಿಯ ಸರ್, ತಮ್ಮ ಎರಡೂ ಚಿತ್ರಗಳನ್ನು ನಿನ್ನೆ ರಾತ್ರಿ ಅಕ್ಕಪಕ್ಕ ಇಟ್ಟು ನೋಡಿದೆ. ಬಲದ ಬೆಳಕಿನಲ್ಲಿ ಎರಡನೆಯ ಸಾಲಿನ ನಾಲ್ಕನೆಯ ಅಕ್ಷರವನ್ನು ವ ಎಂದು ಓದಿಕೊಂಡಿದ್ದೆ, ಮೇಲಿನ ಬೆಳಕಿನಲ್ಲಿ ಅದು ಮ ಎಂಬುದು ನಿಚ್ಚಳವಾಗಿದೆ. ಮೂರನೆಯ ಸಾಲಿನ ಕೊನೆಯ ಎರಡು ಅಕ್ಷರ ಮಾತ್ರ ಎರಡರಲ್ಲಿಯೂ ಸಿಗುತ್ತಿಲ್ಲ, ಕಲ್ಲು ಅಲ್ಲಿ ತುಸು ಎಡಕ್ಕೆ ವಾಲಿ ಸವೆದಿದೆ. ಎಡದಿಂದ ತೆಗೆದದ್ದು ಇದೆಯೆ?

ಬೆಟಗೇರಿ ಸ್ಟುಡಿಯೊ, ಗದಗ

ಇಲ್ಲ ಮೇಡಂ. ಎಡಕ್ಕೆ ಸ್ಟ್ಯಾಂಡ್ ಇಡುವಷ್ಟರಲ್ಲಿ ಅಕ್ಕಿಕಾಳಿಗೆ ಕರೆ ಬಂತು. ಶುಕ್ರವಾರ ಆಲ್ಬಮ್ ಕೊಡಲು ಅದೇ ಊರಿಗೆ ಹೋಗುವುದಿದೆ, ಸಂಜೆ ಐದರ ಮೇಲೆ ತೆಗೆಯುತ್ತೇನೆ. ಕರಿಯ ಗೋಲಿ ಯಾವ ಗಾತ್ರದ್ದು ಬೇಕೆಂದು ತಿಳಿಸಿರಿ.